ಹಾಲು ಅಳೆಯುವ ಡೈರಿ ಸಗಣಿಯನ್ನೂ ಅಳೆಯಲಿ

ಕೋಲಾರ ಸೀಮೆಯ ಯಾವ ಹಳ್ಳಿಯಲ್ಲಾದರೂ ಸರಿ, ಬೆಳಗಿನ ಆರರ ಹೊತ್ತಿಗೆ ಅರ್ಧ ಊರು ಒಂದೇ ದಿಕ್ಕಿಗೆ ನಡೆಯುತ್ತಿರುತ್ತದೆ. ಸ್ಟೀಲ್ ಕ್ಯಾನು ಹಿಡಿದ ಅಜ್ಜಿ, ಬೈಕಿನ ಎರಡೂ ಕಡೆ ಕ್ಯಾನು ತೂಗುಹಾಕಿಕೊಂಡ ಹುಡುಗ, ಶಾಲೆಗೆ ಹೊರಡುವ ಮುಂಚೆ ಒಂದೂವರೆ ಲೀಟರು ಹಾಲು ಹಿಡಿದು ಬಂದ ಹುಡುಗಿ. ಎಲ್ಲರೂ ಹೊರಟಿರುವುದು ಡೈರಿಗೆ. ಗೋಡೆಯ ಮೇಲೆ ‘ಹಾಲು ಉತ್ಪಾದಕರ ಸಹಕಾರ ಸಂಘ’ ಎಂದು ಬರೆದಿದ್ದರೂ ಊರಿನ ಬಾಯಲ್ಲಿ ಅದು ಡೈರಿಯೇ. ಅಲ್ಲಿ ಯಾರೂ ಹಾಲು ಮಾರುವುದಿಲ್ಲ, ‘ಡೈರಿಗೆ ಹಾಕುತ್ತಾರೆ’.

ಒಳಗಿನ ಕೆಲಸ ಕೆಲವೇ ನಿಮಿಷದ್ದು. ಕ್ಯಾನಿನಿಂದ ಒಂದಿಷ್ಟು ಹಾಲನ್ನು ಸ್ಯಾಂಪಲ್ಲಿಗೆ ತೆಗೆದು ಯಂತ್ರಕ್ಕೆ ಕೊಡುತ್ತಾರೆ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಉಳಿದ ಘನಾಂಶ) ಎಷ್ಟು ಎಂದು ಅಂಕಿ ಮೂಡುತ್ತದೆ. ‘ಎಷ್ಟು ಬಂತಣ್ಣಾ?’ ಎಂದು ಕೇಳುವ ದನಿಯಲ್ಲಿ ಪರೀಕ್ಷೆಯ ಫಲಿತಾಂಶ ನೋಡುವ ಮಕ್ಕಳ ಆತಂಕವೇ ಇರುತ್ತದೆ. ಫ್ಯಾಟ್ 3.5, ಎಸ್‌ಎನ್‌ಎಫ್ 8.5 ಬಂದರೆ ಮುಖ ಅರಳುತ್ತದೆ. ಯಂತ್ರ ಬರುವ ಮೊದಲು ಗಾಜಿನ ನಳಿಕೆಯೊಳಗೆ ಗಂಧಕಾಮ್ಲ ಸುರಿದು, ಗರಗರನೆ ತಿರುಗಿಸಿ, ಮೇಲೆ ಕಟ್ಟಿದ ಜಿಡ್ಡಿನ ಪಟ್ಟಿಯನ್ನು ಬೆಳಕಿಗೆ ಹಿಡಿದು ಓದುತ್ತಿದ್ದರು. ಆ ಗೆರ್ಬರ್ ಪರೀಕ್ಷೆಯ ಘಾಟು ಹಳೆಯ ಕಾರ್ಯದರ್ಶಿಗಳಿಗೆ ಚೆನ್ನಾಗಿ ನೆನಪಿದೆ. ಅಳತೆ ಮುಗಿದ ಹಾಲು ನಾಲ್ಕು ಡಿಗ್ರಿಯ ಶೀತಲ ತೊಟ್ಟಿಗೆ ಇಳಿದು, ಅಲ್ಲಿಂದ ಟ್ಯಾಂಕರ್ ಹತ್ತುತ್ತದೆ.

ಬಡವರ ಮನೆಯ ಹೆಂಗಸಿನ ದುಡಿಮೆಯನ್ನು ಅವಳ ಕಣ್ಣೆದುರೇ, ದಿನಕ್ಕೆ ಎರಡು ಸಲ, ಅಳೆದು ಬರೆದುಕೊಂಡು ದುಡ್ಡು ಕೊಡುವ ಸಂಸ್ಥೆ ನಮ್ಮ ಹಳ್ಳಿಗಳಲ್ಲಿ ಇನ್ನೊಂದಿಲ್ಲ. ರಾಗಿಯ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ, ಮಳೆ ಕೈಕೊಟ್ಟರೆ ಅದೂ ಇಲ್ಲ. ಹಾಲಿನ ಬಟವಾಡೆ ಮಾತ್ರ ವಾರ, ಹದಿನೈದು ದಿನಕ್ಕೆ ತಪ್ಪದೆ ಬರುತ್ತದೆ.

ಕರ್ನಾಟಕದ ಮೊದಲ ಡೈರಿ ಶುರುವಾದದ್ದು 1955ರಲ್ಲಿ, ಕೊಡಗಿನ ಕೂಡಿಗೆಯಲ್ಲಿ. ಹಳ್ಳಿಗೊಂದು ಸಂಘ, ಜಿಲ್ಲೆಗೊಂದು ಒಕ್ಕೂಟ, ರಾಜ್ಯಕ್ಕೊಂದು ಮಹಾಮಂಡಳ ಎಂಬ ಗುಜರಾತಿನ ಆನಂದ್ ಮಾದರಿ ವಿಶ್ವಬ್ಯಾಂಕಿನ ನೆರವಿನಿಂದ 1974ರಲ್ಲಿ ಇಲ್ಲಿಗೆ ಬಂತು. ನಂದಿನಿ ಹೆಸರಿನ ಹಾಲು ಈಗ ಮನೆಮನೆಯದು. 2024ರ ಜೂನಿನಲ್ಲಿ ದಿನದ ಸಂಗ್ರಹ ಒಂದು ಕೋಟಿ ಲೀಟರು ದಾಟಿತು. ಈ ಅಂಕಿ ಹೆಮ್ಮೆಯದೇ. ಆದರೆ ಇಷ್ಟು ಹಾಲಿಗೆ ಬೇಕಾದ ಮೇವು ಎಲ್ಲಿಂದ ಬರುತ್ತಿದೆ, ನೀರು ಎಲ್ಲಿಂದ ಬರುತ್ತಿದೆ, ಕೊಟ್ಟಿಗೆಯ ಸಗಣಿ ಎಲ್ಲಿಗೆ ಹೋಗುತ್ತಿದೆ? ಡೈರಿಯ ರಿಜಿಸ್ಟರಿನಲ್ಲಿ ಇವುಗಳಿಗೆ ಒಂದು ಕಾಲಂ ಕೂಡ ಇಲ್ಲ.

ಕೋಲಾರವನ್ನೇ ನೋಡಿ. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಜಿಲ್ಲೆ. ಕೆರೆಗಳು ಒಣಗಿದವು, ಕೊಳವೆಬಾವಿ ಸಾವಿರ ಅಡಿ ದಾಟಿ ಇಳಿಯಿತು. ಅಂಥ ನೆಲದಲ್ಲಿ ಸಂಸಾರಗಳನ್ನು ನಿಲ್ಲಿಸಿದ್ದು ರೇಷ್ಮೆ ಮತ್ತು ಸೀಮೆ ಹಸು. ಒಂದು ಮಿಶ್ರತಳಿ ಹಸು ದಿನಕ್ಕೆ ಅರವತ್ತು, ಎಂಬತ್ತು ಲೀಟರು ನೀರು ಕುಡಿಯುತ್ತದೆ. ಅದು ಕಣ್ಣಿಗೆ ಕಾಣುವ ನೀರು. ಕಾಣದ್ದು ಹಸಿರು ಮೇವಿಗೆ ಹಾಯಿಸಿದ ನೀರು, ಅದರ ಮುಂದೆ ಕುಡಿಯುವ ನೀರು ಏನೂ ಅಲ್ಲ. ಬೆಂಗಳೂರಿಗೆ ಬರುವ ಕೋಲಾರದ ಹಾಲಿನ ಜೊತೆ ಅಲ್ಲಿನ ಅಂತರ್ಜಲವೂ ಬರುತ್ತದೆ. ಅದಕ್ಕೆ ಪ್ರತಿಯಾಗಿ ಎಂಬಂತೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಗರದ ಕೊಳಚೆನೀರು ಸಂಸ್ಕರಣೆಗೊಂಡು ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಎರಡು ಹಂತದಲ್ಲಿ ಶುದ್ಧವಾಗುವ ಆ ನೀರನ್ನು ಮೂರನೇ ಹಂತಕ್ಕೂ ಒಯ್ಯಿರಿ ಎಂದು ಅಲ್ಲಿನವರು ಕೇಳುತ್ತಿರುವುದು ನ್ಯಾಯವಾಗಿಯೇ ಇದೆ. ಕೆರೆಗಳಿಂದ ಇಂಗುವ ಆ ನೀರಿನಲ್ಲಿ ಬೆಳೆದ ಮೇವು ಹಾಲಾಗಿ ನಮ್ಮ ಮಕ್ಕಳ ಲೋಟಕ್ಕೇ ಬರುವುದಲ್ಲವೇ?

ಮೇವಿನದು ಇನ್ನೂ ದೊಡ್ಡ ಕಥೆ. ಹಾಲು ಉತ್ಪಾದನೆಯ ಖರ್ಚಿನಲ್ಲಿ ಶೇ 60ರಿಂದ 70ರಷ್ಟು ಮೇವು, ಹಿಂಡಿ, ಬೂಸಾಕ್ಕೇ ಹೋಗುತ್ತದೆ. ರಾಗಿ ಬೆಳೆದ ಮನೆಯ ಹಿತ್ತಿಲಲ್ಲಿ ಹುಲ್ಲಿನ ಬಣವೆ ಇದ್ದರೆ ಆ ವರ್ಷದ ಬೇಸಿಗೆಯ ಚಿಂತೆ ಅರ್ಧ ಕಳೆದಂತೆ. ಎಂಬತ್ತರ ದಶಕದಲ್ಲಿ ಕೋಲಾರದ ರಾಗಿ ಹೊಲಗಳಿಗೆ ನೀಲಗಿರಿ ನುಗ್ಗಿತು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಅಷ್ಟರೊಳಗೆ ರಾಗಿಯ ಜೊತೆ ಬಣವೆಯೂ ಕರಗಿತ್ತು, ಗೋಮಾಳವೂ ಕಿರಿದಾಗಿತ್ತು. ಬಣವೆ ಇಲ್ಲದ ಮನೆಯವರು ಹುಲ್ಲನ್ನೂ ಕೊಂಡು ಹಾಲು ಹಾಕುತ್ತಾರೆ. ಸರ್ಕಾರ ಲೀಟರಿನ ಲೆಕ್ಕದಲ್ಲಿ ಕೊಡುವ ಪ್ರೋತ್ಸಾಹಧನ ಹಿಂಡಿಯ ಅಂಗಡಿಯಲ್ಲೇ ಮುಗಿದುಹೋಗುತ್ತದೆ.

ಇನ್ನು ಹವಾಮಾನದ ಮಾತು. ಹಸುವಿನ ಮೊದಲ ಹೊಟ್ಟೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಹುಲ್ಲನ್ನು ಕೊಳೆಸಿ ಒಡೆಯುತ್ತವೆ. ಆಗ ಹುಟ್ಟುವ ಮೀಥೇನ್ ಅನಿಲ ತೇಗಿನೊಡನೆ ಹೊರಬೀಳುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿಯೇರಿಸುತ್ತದೆ. ಇದನ್ನು ಹೇಳಿದರೆ ‘ನಮ್ಮ ಹಸುವಿನ ಮೇಲೇಕೆ ಅಪವಾದ?’ ಎಂದು ರೈತರು ನೊಂದುಕೊಳ್ಳುತ್ತಾರೆ. ಆ ನೋವಿನಲ್ಲಿ ಸತ್ಯವಿದೆ. ಮನುಷ್ಯ ತಿನ್ನಲಾಗದ ರಾಗಿ ಹುಲ್ಲನ್ನು ಹಾಲಾಗಿಸುವ ಪ್ರಾಣಿ ಅದು. ಆದರೆ ಕಡಿಮೆ ಹಾಲು ಕೊಡುವ, ಬರೀ ಒಣಹುಲ್ಲು ತಿನ್ನುವ ಹಸುವಿನ ಪ್ರತಿ ಲೀಟರಿಗೆ ಬೀಳುವ ಮೀಥೇನ್ ಹೆಚ್ಚು ಎಂಬುದೂ ಸತ್ಯ. ನಾನು ರೈತರಿಗೆ ಹೇಳಬಯಸುವುದು ಬೇರೆಯದು: ತಿಂದ ಮೇವಿನ ಶಕ್ತಿಯಲ್ಲಿ ಶೇ 2ರಿಂದ 12ರಷ್ಟು ಈ ಅನಿಲವಾಗಿ ಹೋಗುತ್ತದೆ. ನೀವು ದುಡ್ಡು ಕೊಟ್ಟು ತಂದ ಹಿಂಡಿಯ ಒಂದು ಪಾಲು ಹಾಲಾಗದೆ ಗಾಳಿಗೆ ಹೋಗುತ್ತಿದೆ. ತೇಗು ತಗ್ಗಿದರೆ ಮೊದಲ ಲಾಭ ನಿಮ್ಮ ಕೊಟ್ಟಿಗೆಗೇ.

ಇದಕ್ಕೆ ಮದ್ದು ದೂರದಲ್ಲಿಲ್ಲ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ, ಟ್ಯಾನಿನ್ ಅಂಶವುಳ್ಳ ನಮ್ಮಲ್ಲೇ ಸಿಗುವ ಗಿಡಮೂಲಗಳಿಂದ ‘ಹರಿತ್ ಧಾರಾ’ ಎಂಬ ಪೂರಕ ಆಹಾರ ತಯಾರಿಸಿದೆ. ಅದು ಮೀಥೇನನ್ನು ಶೇ 17ರಿಂದ 20ರಷ್ಟು ಇಳಿಸುತ್ತದೆ. ಅದಕ್ಕಿಂತ ಸರಳವಾದವೂ ಇವೆ. ಹುಲ್ಲನ್ನು ಉದ್ದುದ್ದ ಎಸೆಯದೆ ಕತ್ತರಿಸಿ ಹಾಕಿದರೆ ಕಾಲಡಿ ಬಿದ್ದು ಹಾಳಾಗುವುದು ನಿಲ್ಲುತ್ತದೆ. ನೂರು ಕಿಲೋ ಒಣಹುಲ್ಲಿಗೆ ನಾಲ್ಕು ಕಿಲೋ ಯೂರಿಯಾ ಕರಗಿಸಿದ ನೀರು ಚಿಮುಕಿಸಿ, ಗಾಳಿಯಾಡದಂತೆ ಮುಚ್ಚಿ 21 ದಿನ ಬಿಟ್ಟರೆ ಅದೇ ಹುಲ್ಲು ಮೆತ್ತಗಾಗಿ ಚೆನ್ನಾಗಿ ಜೀರ್ಣವಾಗುತ್ತದೆ. ಅಳತೆ ತಪ್ಪಿದರೆ ಯೂರಿಯಾ ವಿಷ, ಆದ್ದರಿಂದ ಮೊದಲ ಸಲ ಪಶುವೈದ್ಯರನ್ನು ಎದುರಿಗೆ ನಿಲ್ಲಿಸಿಕೊಂಡೇ ಮಾಡಬೇಕು. ಬೇಲಿಯಲ್ಲಿ ಅಗಸೆ, ಗ್ಲಿರಿಸಿಡಿಯಾ, ಬದುವಿನಲ್ಲಿ ಅಲಸಂದೆ ಇದ್ದರೆ ಹಿಂಡಿಯ ಖರ್ಚೂ ಇಳಿಯುತ್ತದೆ.

ನನಗೆ ಅತಿ ಹೆಚ್ಚು ಸಂಕಟವಾಗುವುದು ಸಗಣಿಯ ವಿಷಯದಲ್ಲಿ. ಮೂರು, ನಾಲ್ಕು ಹಸು ಕಟ್ಟಿದ ಮನೆಯಲ್ಲಿ ದಿನಕ್ಕೆ ಐವತ್ತು ಕಿಲೋ ಸಗಣಿ ಸಿಗುತ್ತದೆ. ಎರಡು ಘನ ಮೀಟರಿನ ಗೋಬರ್ ಗ್ಯಾಸ್ ಘಟಕಕ್ಕೆ ಅಷ್ಟು ಸಾಕು, ಒಂದು ಸಂಸಾರದ ಅಡುಗೆ ಆಗುತ್ತದೆ. ಉಳಿಯುವ ಬಗ್ಗಡ ಹೊಲಕ್ಕೆ ಗೊಬ್ಬರ. ಶಿರಸಿಯ ಕಡೆ ಇದು ಮನೆಮಾತು, ಭಾರತೀಯ ವಿಜ್ಞಾನ ಸಂಸ್ಥೆಯವರು ಅಲ್ಲಿನ ಯಶಸ್ಸನ್ನು ಅಧ್ಯಯನ ಮಾಡಿ ಬರೆದಿದ್ದಾರೆ. ಬಯಲುಸೀಮೆಯಲ್ಲಿ ಮಾತ್ರ ಬಹಳಷ್ಟು ಸಗಣಿ ತಿಪ್ಪೆಯಲ್ಲಿ ಬಿಸಿಲಿಗೆ ಒಣಗಿ, ಮಳೆಗೆ ಕೊಚ್ಚಿಹೋಗುತ್ತದೆ. ಅದೇ ಮನೆಯವರು ಅಂಗಡಿಯಿಂದ ಗೊಬ್ಬರದ ಮೂಟೆ ಹೊತ್ತು ತರುತ್ತಾರೆ.

ಗುಜರಾತಿನ ಆನಂದ್ ಜಿಲ್ಲೆಯ ಜಕರಿಯಾಪುರದಲ್ಲಿ ಹೆಂಗಸರೇ ಸೇರಿ ಸಗಣಿಯ ಸಹಕಾರ ಸಂಘ ಕಟ್ಟಿದ್ದಾರೆ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಅವರ ಹಿತ್ತಿಲುಗಳಲ್ಲಿ ಗ್ಯಾಸ್ ಘಟಕ ಕೂರಿಸಿತು. ಅನಿಲ ಅಡುಗೆಮನೆಗೆ, ಬಗ್ಗಡ ಸ್ವಂತ ಹೊಲಕ್ಕೆ, ಮಿಕ್ಕಿದ್ದು ಮಾರಾಟಕ್ಕೆ. ಹಾಲಿಗೆ ಆನಂದ್ ಮಾದರಿಯನ್ನು ತಂದ ನಾವು ಸಗಣಿಗೂ ಅದನ್ನು ತರಬಹುದು. ಅಳೆಯುವ ಮನೆ ಊರೂರಿನಲ್ಲಿ ಇದೆ, ಲೆಕ್ಕ ಬರೆಯುವ ಕೈ ಇದೆ, ಖಾತೆಗೆ ದುಡ್ಡು ಹಾಕುವ ದಾರಿ ಇದೆ.

ಡೈರಿಯ ರಿಜಿಸ್ಟರಿನಲ್ಲಿ ಇಲ್ಲದ ಇನ್ನೊಂದು ಲೆಕ್ಕ ಹೋರಿ ಕರುಗಳದು, ಆ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಟ್ರ್ಯಾಕ್ಟರು ಬಂದ ಮೇಲೆ ಅವುಗಳಿಗೆ ನೊಗವಿಲ್ಲ, ಅವುಗಳನ್ನು ಸಾಕಲು ಮನೆಯವರಿಗೆ ತ್ರಾಣವಿಲ್ಲ. ಹೆಣ್ಣು ಕರುವೇ ಹುಟ್ಟುವ ಸಂಭವ ಹೆಚ್ಚಿಸುವ ಲಿಂಗ ವಿಂಗಡಿತ ವೀರ್ಯ ಈಗ ಸಿಗುತ್ತದೆ. ಅದು ಕಡಿಮೆ ಬೆಲೆಗೆ ಪ್ರತಿ ಊರಿಗೂ ತಲುಪಬೇಕು.

ಡೈರಿಗೆ ಹಾಲು ಹಾಕುವ ಓದುಗರಲ್ಲಿ ಒಂದು ಬಿನ್ನಹ. ನಿಮ್ಮ ಸಂಘದ ವಾರ್ಷಿಕ ಸರ್ವಸದಸ್ಯರ ಸಭೆ ಸಾಮಾನ್ಯವಾಗಿ ಸೆಪ್ಟೆಂಬರಿನೊಳಗೆ ನಡೆಯುತ್ತದೆ. ಬೋನಸ್ ಎಷ್ಟು ಎಂದು ಕೇಳಿ, ಅದು ನಿಮ್ಮ ಹಕ್ಕು. ಅದರ ಜೊತೆಗೇ ಇನ್ನೆರಡು ಮಾತು ಕೇಳಿ: ಲಾಭದಲ್ಲಿ ಒಂದಿಷ್ಟನ್ನು ಮೇವಿನ ಬೀಜಕ್ಕೂ ಹುಲ್ಲು ಕತ್ತರಿಸುವ ಯಂತ್ರಕ್ಕೂ ತೆಗೆದಿಡುತ್ತೀರಾ, ನಮ್ಮೂರಿನ ಬಗ್ಗಡವನ್ನು ಡೈರಿ ಕೊಳ್ಳುವುದು ಯಾವಾಗ? ಅಮ್ಮ, ಅಕ್ಕಂದಿರೇ ಎದ್ದುನಿಂತು ಕೇಳಲಿ. ಕೊಟ್ಟಿಗೆಯ ಕೆಲಸ ಬಹುಪಾಲು ಮಾಡುವವರು ಅವರೇ.