ಬಲಿ ನಿಂತ ಮೇಲೆ ಉಳಿದ ಹಬ್ಬ

ಸೊರಬ, ಶಿಕಾರಿಪುರ, ಸಾಗರ ಸೀಮೆಯ ದೀವರ ಸಮುದಾಯದ ಮನೆಗಳಲ್ಲಿ ಆಶ್ವಯುಜದ ಹುಣ್ಣಿಮೆಯ ಹಿಂದಿನ ರಾತ್ರಿ ಹೆಂಗಸರು ಮಲಗುವುದಿಲ್ಲ. ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಚಿತ್ತಾರ ಬರೆಯುವ ಕೆಲಸ ಅಷ್ಟರಲ್ಲಿ ಮುಗಿದಿರುತ್ತದೆ. ಇದು ಭೂಮಣ್ಣಿ ಬುಟ್ಟಿ. ರಾತ್ರಿಯಿಡೀ ಅಡುಗೆ: ಕಡುಬು, ಪಾಯಸ, ಬಗೆಬಗೆಯ ಸೊಪ್ಪುಗಳನ್ನೂ ಕುಡಿಗಳನ್ನೂ ಬೆರೆಸಿ ಬೇಯಿಸಿದ ಚರಗ. ಬೆಳಕು ಹರಿಯುವ ಮೊದಲೇ ಗಂಡಸರು ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಬದುಗಳುದ್ದಕ್ಕೂ ಚರಗ ಬೀರುತ್ತಾರೆ. ಆಮೇಲೆ ಹೊಡೆ ಕಟ್ಟಿದ ಭತ್ತದ ಬುಡಕ್ಕೆ ಪೂಜೆ. ಕಾಗೆಗೂ ಇಲಿಗೂ ಎಡೆ. ಕೊನೆಗೆ ಮನೆಮಂದಿಯೆಲ್ಲ ಗದ್ದೆಯಲ್ಲೇ ಎಲೆ ಹಾಸಿಕೊಂಡು ಊಟ. ಪೈರು ಹೊತ್ತ ನೆಲವನ್ನು ಬಸುರಿಯೆಂದು ಭಾವಿಸಿ ಬಯಕೆಯ ಊಟ ಬಡಿಸುವ ಈ ಭೂಮಿ ಹುಣ್ಣಿಮೆ 2024ರಲ್ಲಿ ಅಕ್ಟೋಬರ್ 17ರಂದು ಬಂತು. ಅದರ ಹಿಂದಿನ ಸಂಜೆ, ಅದೇ ಚಂದ್ರನ ಕೆಳಗೆ, ಯೆಹೂದಿಗಳ ಪರ್ಣಶಾಲೆಗಳ ಹಬ್ಬ ಶುರುವಾಗಿತ್ತು. ಕೊಂಬೆ-ಎಲೆಗಳ ಚಪ್ಪರ ಕಟ್ಟಿ, ಖರ್ಜೂರದ ಗರಿ ಹಿಡಿದು, ಏಳು ದಿನ ಅದರಡಿ ಉಣ್ಣುವ ಹಬ್ಬ ಅದು. 2025ರಲ್ಲೂ ಎರಡೂ ಒಂದೇ ಹುಣ್ಣಿಮೆಗೆ ಕೂಡಿದವು.

ಇದನ್ನು ಕಂಡ ಕೂಡಲೇ ಯಾರು ಯಾರಿಂದ ಕಲಿತರು ಎಂದು ಕೇಳಬೇಕೆನಿಸುತ್ತದೆ. ಆ ದಾರಿ ದೂರ ಹೋಗುವುದಿಲ್ಲ. ಎರಡೂ ಪಂಚಾಂಗಗಳು ತಿಂಗಳನ್ನು ಚಂದ್ರನಿಂದ ಎಣಿಸುತ್ತವೆ. ವರ್ಷ ಋತುವಿನಿಂದ ಜಾರದಂತೆ ಆಗಾಗ ಒಂದು ಅಧಿಕಮಾಸ ಸೇರಿಸುತ್ತವೆ. ಯೆಹೂದಿ ಲೆಕ್ಕದಲ್ಲಿ 19 ವರ್ಷಕ್ಕೆ 7 ಅಧಿಕಮಾಸಗಳು. ಎರಡು ಕಡೆಯವರೂ ಅದನ್ನು ಒಂದೇ ವರ್ಷ ಸೇರಿಸುವುದಿಲ್ಲವಾದ್ದರಿಂದ ಹಬ್ಬಗಳು ಕೆಲವು ವರ್ಷ ಕೂಡುತ್ತವೆ, ಕೆಲವು ವರ್ಷ ಅಗಲುತ್ತವೆ. 2023ರಲ್ಲಿ ನಮ್ಮಲ್ಲಿ ಅಧಿಕ ಶ್ರಾವಣ ಬಂದದ್ದರಿಂದ ಭೂಮಿ ಹುಣ್ಣಿಮೆ ಒಂದು ತಿಂಗಳು ತಡವಾಗಿ ಬಂತು. ಇನ್ನೂ ಮುಖ್ಯವಾದದ್ದು ನೆಲದ ಸ್ಥಿತಿ. ಆ ಹುಣ್ಣಿಮೆಯಲ್ಲಿ ಸೊರಬದ ಗದ್ದೆಗೆ ಮಳೆಗಾಲ ಮುಗಿಯುತ್ತಿರುತ್ತದೆ, ಪೈರು ನಿಂತಿರುತ್ತದೆ, ಕೊಯ್ಲು ಇನ್ನೂ ಮುಂದಿದೆ. ಪ್ಯಾಲೆಸ್ಟೈನಿನ ಗುಡ್ಡಗಳಲ್ಲಿ ಅದೇ ಹೊತ್ತಿಗೆ ಬೇಸಿಗೆ ಮುಗಿದು ದ್ರಾಕ್ಷಿ, ಅಂಜೂರ ಮನೆ ಸೇರಿರುತ್ತವೆ, ಮೊದಲ ಮಳೆಗೆ ಜನ ಬಾನು ನೋಡುತ್ತಿರುತ್ತಾರೆ. ಚಂದ್ರ ಒಬ್ಬನೇ, ಹೊಲದ ಕಾಲ ಮಾತ್ರ ತಿರುಗುಮುರುಗು. ಹಾಗಿದ್ದೂ ಎರಡು ಕಡೆ ಜನ ಮಾಡುವುದು ಒಂದೇ ಬಗೆಯ ಕೆಲಸ: ಬೆಳೆಯ ಬದುಕು ಒಂದು ಹಂತ ದಾಟುವ ದಿನ ಗೊತ್ತುಮಾಡಿ, ಮೊದಲ ಪಾಲನ್ನು ಹೊರಗಿಟ್ಟು, ಉಳಿದದ್ದನ್ನು ಕೂಡಿ ಉಣ್ಣುವುದು. ಹುಣ್ಣಿಮೆಯನ್ನೇ ಆರಿಸಿಕೊಂಡದ್ದಕ್ಕೆ ದೊಡ್ಡ ಗುಟ್ಟೇನೂ ಬೇಕಿಲ್ಲ. ರಾತ್ರಿಯಲ್ಲಿ ಗದ್ದೆಗೋ ಯಾತ್ರೆಗೋ ನಡೆಯುವವರಿಗೆ ದೀಪದೆಣ್ಣೆಯ ಖರ್ಚಿಲ್ಲದ ರಾತ್ರಿ ಅದೊಂದೇ.

ಹಬ್ಬಗಳ ಮೂಲ ಹುಡುಕಿದ ವಿದ್ವಾಂಸರು ಬಹಳ ಕಾಲ ಬೇರೆಯೇ ಕಡೆ ಬೊಟ್ಟು ಮಾಡಿದರು. ಸ್ಕಾಟ್ಲೆಂಡಿನ ವಿಲಿಯಂ ರಾಬರ್ಟ್‌ಸನ್ ಸ್ಮಿತ್ 1889ರಲ್ಲಿ ಪ್ರಕಟಿಸಿದ ಉಪನ್ಯಾಸಗಳಲ್ಲಿ, ಕುಲದವರು ಬಲಿಪಶುವನ್ನು ದೇವರೊಂದಿಗೆ ಹಂಚಿ ತಿಂದದ್ದೇ ಸೆಮಿಟಿಕ್ ಜನರ ಧರ್ಮದ ಬೇರು ಎಂದರು. ವಾಲ್ಟರ್ ಬುರ್ಕರ್ಟ್ 1972ರಲ್ಲಿ ಇನ್ನೂ ಹಿಂದೆ ಹೋಗಿ, ಬೇಟೆಗಾರ ಮನುಷ್ಯನಿಗೆ ಕೊಲೆಯ ಬಗ್ಗೆ ಇದ್ದ ಅಳುಕೇ ಬಲಿಯ ವಿಧಿಯಾಯಿತು ಎಂದರು. ಇಬ್ಬರ ಲೆಕ್ಕದಲ್ಲೂ ಮೊದಲು ಬರುವುದು ಸತ್ತ ಪ್ರಾಣಿ, ಹಬ್ಬ ಅದರ ಹಿಂದೆ. ನನ್ನ ವಾದ ಇದರ ತಲೆಕೆಳಗು. ಮೊದಲಿದ್ದದ್ದು ಹೊಲದ ದಿನವೂ ಪಾಲಿನ ಊಟವೂ; ಕಡಿಯುವುದು ಆ ದಿನದ ಮೇಲೆ ಬಂದು ಕೂತಿತು. ಅರಸನೋ ಗುಡಿಯೋ ಬಲಿತಂತೆ ಅದು ಹೆಚ್ಚಿತು, ಅವು ಬಿದ್ದಾಗ ಕಳಚಿತು.

ಪ್ಯಾಲೆಸ್ಟೈನಿನ ಹಳೆಯ ಹೆಸರಾದ ಕಾನಾನಿನ ಸಾಕ್ಷ್ಯವನ್ನೇ ನೋಡೋಣ. 1908ರಲ್ಲಿ ಗೆಜೆರ್ ಎಂಬಲ್ಲಿ ಸಿಕ್ಕ, ಕ್ರಿ.ಪೂ. 10ನೇ ಶತಮಾನದ ಪುಟ್ಟ ಸುಣ್ಣಕಲ್ಲಿನ ಮೇಲೆ ವರ್ಷದ ತಿಂಗಳುಗಳಿವೆ. ಅವುಗಳ ಗುರುತು ದೇವರ ಹೆಸರಲ್ಲ, ಕೆಲಸ: ಕೂಡಿಡುವುದು, ಬಿತ್ತುವುದು, ಜವೆಗೋಧಿಯ ಕೊಯ್ಲು, ಬಳ್ಳಿ ಸವರುವುದು, ಬೇಸಿಗೆಯ ಹಣ್ಣು. ಸಿರಿಯದ ಕರಾವಳಿಯ ಉಗಾರಿತ್ ಪಟ್ಟಣವನ್ನು 1929ರಿಂದ ಅಗೆದಾಗ ಬಂದ ಮಣ್ಣಿನ ಫಲಕಗಳಲ್ಲಿ ಹೊಸ ದ್ರಾಕ್ಷಾರಸದ ತಿಂಗಳ ವಿಧಿಯೊಂದಿದೆ. ಅದರ ಮೊದಲ ಕೆಲಸ ಅಮಾವಾಸ್ಯೆ ಕಳೆದ ದಿನ ಏಲ್ ದೇವರಿಗೆ ಒಂದು ಗೊಂಚಲು ದ್ರಾಕ್ಷಿ ಕೊಯ್ಯುವುದು. ಅದಾದ ಮೇಲೆ ಅರಸ ಬರುತ್ತಾನೆ, ಅವನೊಂದಿಗೆ ಎತ್ತು-ಕುರಿಗಳ ಉದ್ದನೆಯ ಪಟ್ಟಿ ಬರುತ್ತದೆ. ಬೈಬಲಿನ ವಿಮೋಚನಕಾಂಡದ 23ನೇ ಅಧ್ಯಾಯ ಇಸ್ರಾಯೇಲರ ಮೂರು ಜಾತ್ರೆಗಳನ್ನು ಹೆಸರಿಸುವಾಗ ಹೇಳುವುದು ಹುಳಿಯಿಲ್ಲದ ರೊಟ್ಟಿ, ಕೊಯ್ಲು, ಫಸಲು ಕೂಡಿಡುವುದು. ಎಷ್ಟು ಪಶು ಎಂಬ ಲೆಕ್ಕ ಅಲ್ಲಿಲ್ಲ. ಅದೇ ಮೂರನೆಯ ಹಬ್ಬ, ಅಂದರೆ ಪರ್ಣಶಾಲೆಗಳ ಹಬ್ಬ, ಗುಡಿಯ ಯಾಜಕರ ಕೈಗೆ ಬಂದ ಮೇಲೆ ಹೇಗಾಯಿತೆಂಬುದು ಅರಣ್ಯಕಾಂಡದ 29ನೇ ಅಧ್ಯಾಯದಲ್ಲಿದೆ: ಮೊದಲ ದಿನ 13 ಹೋರಿ, ಮರುದಿನ 12, ಹೀಗೆ ಇಳಿಯುತ್ತ ಏಳನೆಯ ದಿನ 7, ಒಟ್ಟು 70, ಟಗರು, ಕುರಿ, ಹೋತ ಬೇರೆ. ಕ್ರಿ.ಶ. 70ರಲ್ಲಿ ರೋಮನರು ಯೆರೂಸಲೇಮಿನ ಗುಡಿಯನ್ನು ಸುಟ್ಟರು. ಅಂದಿನಿಂದ ಆ 70 ಹೋರಿಗಳಲ್ಲಿ ಒಂದೂ ಬಿದ್ದಿಲ್ಲ. ಚಪ್ಪರ, ಗರಿ, ಊಟ ಮಾತ್ರ ಸುಮಾರು ಎರಡು ಸಾವಿರ ವರ್ಷಗಳಿಂದ ತಪ್ಪಿಲ್ಲ.

ಯೆಹೂದಿಗಳ ಪಸ್ಕ ಹಬ್ಬ ಈ ವಾದಕ್ಕೆ ಅಡ್ಡ ಬರುವುದಿಲ್ಲವೇ? ಬರುತ್ತದೆ. ಅಲ್ಲಿ ಕುರಿಮರಿಯ ರಕ್ತವನ್ನು ಬಾಗಿಲ ಕಂಬಗಳಿಗೆ ಬಳಿಯುವುದೇ ಕಥೆಯ ತಿರುಳು, ಅದನ್ನು ಬದಿಗೆ ಸರಿಸಲಾಗದು. ಆದರೂ ವಿಮೋಚನಕಾಂಡದ 12ನೇ ಅಧ್ಯಾಯವನ್ನು ಅಡುಗೆಮನೆಯ ಕಣ್ಣಿನಿಂದ ಓದಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಮನೆ ಚಿಕ್ಕದಾಗಿ ಒಂದು ಮರಿ ಹೆಚ್ಚಾಗುವುದಾದರೆ ನೆರೆಯವರನ್ನು ಕೂಡಿಸಿಕೊಳ್ಳಬೇಕು, ಉಣ್ಣುವವರ ತಲೆಯೆಣಿಸಿ ಮರಿ ಗೊತ್ತುಮಾಡಬೇಕು, ಬೆಳಗಿನವರೆಗೆ ಏನೂ ಉಳಿಸಬಾರದು. ಧಾನ್ಯ ಕಣಜದಲ್ಲಿ ವರ್ಷವಿಡೀ ಕೂರುತ್ತದೆ. ಬಿಸಿಲ ನಾಡಿನಲ್ಲಿ ಮಾಂಸ ಒಂದು ರಾತ್ರಿ ಕಳೆದರೆ ಕೆಡುತ್ತದೆ. ಕುರಿಯೇ ಒಂದು ಮನೆಗೆ ಹೆಚ್ಚು. ನೂರಾರು ಕಿಲೊ ತೂಗುವ ಕೋಣವಂತೂ ಒಂದು ಕೇರಿಗೂ ಹೆಚ್ಚು. ಕಡಿಯಬೇಕಾದರೆ ತಿನ್ನುವವರು ಅದೇ ದಿನ ಸೇರಿರಬೇಕು, ಅಂದರೆ ದಿನ ಮೊದಲೇ ಗೊತ್ತಿರಬೇಕು, ಊರಿಗೆಲ್ಲ ಗೊತ್ತಿರಬೇಕು. ಜನ ಹೇಗೂ ಕೂಡುವ ಬೆಳೆಯ ದಿನದ ಮೇಲೆ ಬಲಿ ಬಂದು ಕೂತದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ. ಬುರ್ಕರ್ಟರ ಅಳುಕು ನಿಜವೇ ಇರಬಹುದು. ಆದರೆ ಅಳುಕಿನಿಂದ ತಿಥಿ ಹುಟ್ಟುವುದಿಲ್ಲ.

ಇನ್ನು ನಮ್ಮ ಮಾರಿಜಾತ್ರೆ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ, ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬೆಯ ಜಾತ್ರೆ, ಶಿಕಾರಿಪುರ, ಸೊರಬಗಳಲ್ಲೂ ಹಳ್ಳಿಗಳಲ್ಲೂ ಸಣ್ಣ-ದೊಡ್ಡ ರೂಪದಲ್ಲಿ ನಡೆಯುವಂಥದ್ದು. ಹಳೆಯ ಕ್ರಮದಲ್ಲಿ ಕೋಣ ಕಡಿದು, ಅದರ ರಕ್ತ ಬೆರೆಸಿದ ಅನ್ನವನ್ನು ರಾತ್ರಿ ಊರ ಗಡಿಯುದ್ದಕ್ಕೂ ಚೆಲ್ಲುತ್ತಿದ್ದರು. ಭೂಮಿ ಹುಣ್ಣಿಮೆಯ ಸೊಪ್ಪಿನ ಚರಗ ಬದುಗುಂಟ ಹೋಗುವ ಹಾಗೆಯೇ ಇದೂ ಎಲ್ಲೆಗುಂಟ ಹೋಗುತ್ತಿತ್ತು. ಕೈಯ ಚಲನೆ ಒಂದೇ, ಬುಟ್ಟಿಯಲ್ಲಿರುವುದು ಬೇರೆ. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದ ಆ ಕಾಲದಲ್ಲಿ ಅಲ್ಲಿ ಕೋಣ ಕಡಿಯುವುದು ನಿಂತಿತು. 1959ರಲ್ಲಿ ಪ್ರಾಣಿಬಲಿ ತಡೆಯುವ ಕಾಯ್ದೆಯೂ ಬಂತು. ಕಾಯ್ದೆಯ ಕಣ್ಣು ತಪ್ಪಿಸಿ ಕುರಿ-ಕೋಳಿ ಬೀಳುವ ಊರುಗಳು ಈಗಲೂ ಇವೆ. ಬೂದುಗುಂಬಳ ಒಡೆದು ಮುಗಿಸುವ ಊರುಗಳೂ ಇವೆ. ಎರಡೂ ಬಗೆಯ ಊರುಗಳಲ್ಲಿ ಜಾತ್ರೆ ಒಂದೇ ಹುರುಪಿನಲ್ಲಿ ನಡೆಯುತ್ತದೆ. ಜನ ಬಲಿ ಕೊಡುವುದು ರೋಗದ ಹೆದರಿಕೆಗೆ, ಅದಿಲ್ಲದೆ ಮಾರಿಯೇ ಇಲ್ಲ ಎನ್ನುವವರಿಗೆ ಇತಿಹಾಸ ಒಂದು ಪರೀಕ್ಷೆಯನ್ನೇ ನಡೆಸಿಕೊಟ್ಟಿದೆ. ಮಾರಿಯ ಸಿಟ್ಟೆಂದು ನಂಬಿದ್ದ ಸಿಡುಬಿನ ಕೊನೆಯ ಪ್ರಕರಣ ಭಾರತದಲ್ಲಿ ಕಂಡದ್ದು 1975ರಲ್ಲಿ. ದನಗಳನ್ನು ಕೊಲ್ಲುತ್ತಿದ್ದ ದೊಡ್ಡರೋಗ ಜಗತ್ತಿನಿಂದಲೇ ಹೋಯಿತೆಂದು ಘೋಷಣೆಯಾದದ್ದು 2011ರಲ್ಲಿ. ಕೋಣವೂ ಹೋಯಿತು, ಕೋಣ ಕೊಡಬೇಕಾದ ಕಾರಣವೂ ಹೋಯಿತು. ಜಾತ್ರೆಗೆ ಬರುವವರ ಸಂಖ್ಯೆ ಕುಗ್ಗಲಿಲ್ಲ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿಗೆ ಬರುವುದೂ ನೆಂಟರ ಊಟವೂ ಹಾಗೇ ನಡೆದಿವೆ.

ಇದಕ್ಕೆ ವಿರುದ್ಧವಾಗಿ, ಹಬ್ಬವನ್ನೇ ಉಳಿಸದೆ ಹೋದ ಬಲಿಯ ಉದಾಹರಣೆ ಶಿಕಾರಿಪುರ ತಾಲ್ಲೂಕಿನಲ್ಲೇ ಇದೆ. ಪ್ರಣವೇಶ್ವರ ಗುಡಿಯ ಮುಂದಿನ ಕಂಬಶಾಸನದಲ್ಲಿ ಕುಬ್ಜನೆಂಬ ಕವಿ ಕದಂಬ ಮನೆತನದ ಕಥೆ ಹೇಳಿರುವ ತಾಳಗುಂದ ಅದು, ಮಯೂರಶರ್ಮನ ಊರು. ನಂತರದ ಶಾಸನಗಳು ಅವನಿಗೆ 18 ಅಶ್ವಮೇಧಗಳ ಕೀರ್ತಿ ಹೊರಿಸಿವೆ. ಅದರಲ್ಲಿ ಉಬ್ಬಿಸಿದ್ದು ಎಷ್ಟೇ ಇರಲಿ, ಅದೇ ವಂಶದ ಒಂದನೆಯ ಕೃಷ್ಣವರ್ಮ ಅಶ್ವಮೇಧ ಮಾಡಿದವನೆಂದು ಕದಂಬರ ತಾಮ್ರಪಟಗಳೇ ಹೇಳುತ್ತವೆ. ವೈದಿಕ ಬಲಿಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ, ದುಬಾರಿಯದೂ ಇಲ್ಲ. ಹಬ್ಬಕ್ಕೆ ಬಲಿಯೇ ತಾಯಿಯಾಗಿದ್ದರೆ ಈ ಸೀಮೆಯಲ್ಲಿ ಕುದುರೆಯ ಹಬ್ಬವೊಂದು ಇರಬೇಕಿತ್ತು, ಎಷ್ಟೇ ಸವೆದಿರಲಿ. ಇಲ್ಲ. ಇರುವುದು ಹೋರಿಯ ಹಬ್ಬ. ದೀಪಾವಳಿ ಕಳೆಯುತ್ತಲೇ ಶಿಕಾರಿಪುರ, ಸೊರಬದ ಊರೂರಲ್ಲಿ ಹೋರಿಗಳಿಗೆ ಜೂಲ ಹೊದಿಸಿ, ಕೊರಳಿಗೆ ಕೊಬ್ಬರಿ ಹಾರ ಕಟ್ಟಿ ಓಡಿಸುತ್ತಾರೆ. ಹುಡುಗರು ಪ್ರಾಣದ ಹಂಗು ಬಿಟ್ಟು ಆ ಕೊಬ್ಬರಿಗೆ ಕೈಹಾಕುತ್ತಾರೆ. ಕುದುರೆ ಅರಸನದು, ಎತ್ತು ಉಳುವವನದು. ಅಶ್ವಮೇಧಕ್ಕೆ ಸುಗ್ಗಿಯ ನಂಟಿರಲಿಲ್ಲ. ಊರಿನ ಪ್ರತಿ ಮನೆಗೂ ಸಲ್ಲಬೇಕಾದ ಪಾಲೂ ಅದರಲ್ಲಿರಲಿಲ್ಲ. ಅರಸೊತ್ತಿಗೆ ಹೋದಾಗ ಅದನ್ನು ಎತ್ತಿಕೊಳ್ಳುವವರು ಯಾರೂ ಇರಲಿಲ್ಲ. ಕದಂಬರು ಹೋದರೆಂದೇ ಅಶ್ವಮೇಧ ಹೋಯಿತು, ಅದಕ್ಕೆ ಬೇರೆ ಅರ್ಥ ಯಾಕೆ ಹಚ್ಚಬೇಕು ಎಂದು ಕೇಳಬಹುದು. ಹೌದು, ಅರಸರೊಂದಿಗೆ ಹೋಯಿತು, ಯೆರೂಸಲೇಮಿನ 70 ಹೋರಿಗಳು ಗುಡಿಯೊಂದಿಗೆ ಹೋದ ಹಾಗೆ. ಚಪ್ಪರ ಕಟ್ಟುವವರಿಗೂ ಎತ್ತು ಕಟ್ಟುವವರಿಗೂ ಅರಸನ ಹಂಗಿರಲಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಇವತ್ತು ಉಳಿದಿರುವುದೇ ಮೊದಲಿದ್ದದ್ದು ಎಂದು ಹೇಗೆ ಹೇಳುತ್ತೀರಿ? ರಕ್ತದಿಂದ ಶುರುವಾದದ್ದು ಕಾಲಕ್ರಮದಲ್ಲಿ ಸೌಮ್ಯವಾಗಿ ಸೊಪ್ಪಿಗೂ ಕುಂಬಳಕ್ಕೂ ಇಳಿದಿರಬಹುದಲ್ಲ? ಕುಂಬಳದ ವಿಷಯದಲ್ಲಿ ಅದು ನಿಜ, ಅದು ಕೋಣದ ಬದಲಿಗೆ ಬಂದದ್ದೇ. ಬದಲಿಗೆ ಬಂದದ್ದರ ಮೇಲೆ ಮೂಲದ ಗುರುತು ಎದ್ದು ಕಾಣುತ್ತದೆ: ಅದನ್ನೂ ಒಡೆಯುತ್ತಾರೆ, ಅದಕ್ಕೂ ಕುಂಕುಮದ ಕೆಂಪು ತುಂಬುತ್ತಾರೆ. ಭೂಮಿ ಹುಣ್ಣಿಮೆಯ ಚರಗದಲ್ಲಿ ಅಂಥ ಗುರುತಿಲ್ಲ. ಅದನ್ನು ಬೀರುವ ದೀವರು ಮಾಂಸ ಬಿಟ್ಟವರೂ ಅಲ್ಲ. ಹುಣ್ಣಿಮೆಯಾಗಿ ಹದಿನೈದು ದಿನಕ್ಕೆ ದೀಪಾವಳಿಯ ಅಮಾವಾಸ್ಯೆ, ಅದರ ಬೆನ್ನಿಗೆ ನೋನಿ ಎಂಬ ಆಚರಣೆ. ಆಗ ಚೌಡಿಗೂ ಭೂತಗಳಿಗೂ ಕೋಳಿ ಸಲ್ಲುತ್ತದೆ. ಒಂದೇ ಮನೆ, ಒಂದೇ ಗದ್ದೆ, ಎರಡು ವಾರದ ಅಂತರದಲ್ಲಿ ಸೊಪ್ಪೂ ಕೋಳಿಯೂ. ಒಂದು ಇನ್ನೊಂದರ ಸೌಮ್ಯ ರೂಪವಾಗಿದ್ದರೆ ಎರಡೂ ಒಟ್ಟಿಗೆ ಉಳಿಯುತ್ತಿರಲಿಲ್ಲ. ಬಸುರಿ ನೆಲಕ್ಕೆ ಬಯಕೆಯ ಊಟ, ಗಡಿ ಕಾಯುವ ಭೂತಕ್ಕೆ ಕೋಳಿ. ಯಾರಿಗೆ ಏನು ಸಲ್ಲಬೇಕೆಂಬುದರಲ್ಲಿ ವ್ಯತ್ಯಾಸವಿದೆ, ಯಾವುದು ಹಳತು ಯಾವುದು ಹೊಸತು ಎಂಬುದರಲ್ಲಲ್ಲ. ಇಸ್ರಾಯೇಲರಲ್ಲೂ ಹಿಟ್ಟು, ಎಣ್ಣೆ, ಧೂಪದ ನೈವೇದ್ಯಗಳು ಪಶುಬಲಿಯ ಜೊತೆಜೊತೆಗೇ ನಡೆದವು.

ಹೀಗೆಂದ ಮಾತ್ರಕ್ಕೆ ಪಾಲಿನ ಊಟವೆಂದರೆ ಎಲ್ಲರೂ ಸಮನಾಗಿ ಕೂತು ಉಂಡದ್ದೆಂದು ತಿಳಿಯಬೇಕಿಲ್ಲ. ರಾಬರ್ಟ್‌ಸನ್ ಸ್ಮಿತ್ ಎಡವಿದ್ದು ಅಲ್ಲೇ. 1930ರ ದಶಕದಲ್ಲಿ ಲಾಖೀಷ್‌ನಲ್ಲಿ ಅಗೆದ ಕಾನಾನರ ಗುಡಿಯೊಂದರಲ್ಲಿ ಮೂಳೆಗಳ ರಾಶಿ ಸಿಕ್ಕಿತು. ಎಡಗಾಲಿನ ಮೂಳೆಯನ್ನೂ ಬಲಗಾಲಿನದನ್ನೂ ಅದರ ತಿರುವು ನೋಡಿ ಬೇರೆ ಮಾಡಬಹುದು; ಮೂಳೆಯ ತುದಿ ನಡುಭಾಗಕ್ಕೆ ಬೆಸೆದಿದೆಯೇ ಇಲ್ಲವೇ ಎಂಬುದು ವಯಸ್ಸನ್ನು ಹೇಳುತ್ತದೆ. ಅಲ್ಲಿದ್ದವು ಬಹುಪಾಲು ಎಳೆಯ ಆಡು-ಕುರಿಗಳ ಬಲ ಮುಂಗಾಲುಗಳು. ಆ ಗುಡಿ ಕ್ರಿ.ಪೂ. 1200ರ ಸುಮಾರಿಗೆ ಹಾಳಾಯಿತು. ಶತಮಾನಗಳ ನಂತರದ ಯಾಜಕಕಾಂಡ ಬಲತೊಡೆ ಯಾಜಕನಿಗೆ ಸಲ್ಲಬೇಕೆನ್ನುತ್ತದೆ. ದೇವರ ಹೆಸರು ಬದಲಾಯಿತು, ಬಲಭಾಗದ ಹಕ್ಕು ಬದಲಾಗಲಿಲ್ಲ. ನಮ್ಮ ಮಾರಿಜಾತ್ರೆಗಳಲ್ಲೂ ಯಾರು ಕಡಿಯಬೇಕು, ಯಾರು ಹೊರಬೇಕು, ಯಾರು ದೂರ ನಿಲ್ಲಬೇಕು ಎಂಬುದು ಜಾತಿಯಿಂದಲೇ ಗೊತ್ತಾಗಿತ್ತು. ಅವಮಾನದ ಪಾಲು ದಲಿತರಿಗೇ ಬರುತ್ತಿತ್ತು. ಹಾಗಾಗಿ ಹಬ್ಬದಿಂದ ಏನನ್ನಾದರೂ ತೆಗೆದರೆ ಹಬ್ಬವೇ ಮುರಿಯುತ್ತದೆ ಎಂಬ ವಾದ ಬಂದಾಗ, ಹಾಗೆ ಹೇಳುವವರ ಪಾಲು ಯಾವುದು ಎಂದೂ ಕೇಳಬೇಕಾಗುತ್ತದೆ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಹರಕೆ ಹೊತ್ತವರು ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ರೇಣುಕಾಂಬೆಯ ಬೆಟ್ಟ ಹತ್ತುತ್ತಿದ್ದರು. ಕಡಿದು ಕೊಡುವುದು ಇಲ್ಲಿರಲಿಲ್ಲ, ದೇಹವೇ ಕಾಣಿಕೆ. 1986ರ ಮಾರ್ಚ್‌ನಲ್ಲಿ ಅದನ್ನು ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರನ್ನೂ ಪೊಲೀಸರನ್ನೂ ಗುಂಪು ಹೊಡೆದು ಬಟ್ಟೆ ಕಳಚಿತು. ಆಮೇಲೆ ಸರ್ಕಾರ ಬೆತ್ತಲೆಸೇವೆಯನ್ನು ನಿಷೇಧಿಸಿತು. ರೇಣುಕಾಂಬೆಯ ಜಾತ್ರೆ ಈಗಲೂ ವರ್ಷವರ್ಷ ನಡೆಯುತ್ತದೆ. ಜನ ಬಟ್ಟೆ ಉಟ್ಟುಕೊಂಡೇ ಬೆಟ್ಟ ಹತ್ತುತ್ತಾರೆ.