ಸುಣ್ಣ ಹಾಕಿದ ನೀರು ತಿಳಿಯಾದರೆ ವಿಷ ಹೋಯಿತೇ?

ಬೆಂಗಳೂರಿನ ಪೀಣ್ಯದಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳು ಸಾಕಷ್ಟಿವೆ. ನಲ್ಲಿ, ಬೋಲ್ಟು, ಗಾಡಿಯ ಬಿಡಿಭಾಗಗಳಿಗೆ ಹೊಳಪು ಕೊಟ್ಟು ತೊಳೆದ ನೀರಿನಲ್ಲಿ ಕ್ರೋಮಿಯಂ, ನಿಕ್ಕಲ್, ಸತು ಕರಗಿರುತ್ತವೆ. ಆ ಭಾಗದ ಅಂತರ್ಜಲದಲ್ಲಿ ಕ್ರೋಮಿಯಂ ಪತ್ತೆಯಾಗಿದೆ. ಹಾಗಿದ್ದೂ ಈ ನೀರಿನ ಶುದ್ಧೀಕರಣದ ಬಗ್ಗೆ ತಪ್ಪು ನಂಬಿಕೆಗಳು ಉಳಿದುಕೊಂಡಿವೆ.

ತಪ್ಪು ಕಲ್ಪನೆ: ಸುಣ್ಣ ಸುರಿದರೆ ಲೋಹವೆಲ್ಲ ತಳ ಸೇರುತ್ತದೆ, ಹೆಚ್ಚು ಸುರಿದಷ್ಟೂ ಒಳ್ಳೆಯದು.

ಸತ್ಯ: ಸುಣ್ಣ ನೀರಿನ ಪಿಎಚ್ ಏರಿಸುತ್ತದೆ. ಆಗ ಕರಗಿದ ಲೋಹ ಹೈಡ್ರಾಕ್ಸೈಡ್ ಆಗಿ, ಮೆತ್ತನೆಯ ಚೂರುಗಳಾಗಿ ಬೇರ್ಪಡುತ್ತದೆ. ಇದೇ ರಾಸಾಯನಿಕ ಪ್ರಕ್ಷೇಪನ. ಆದರೆ ಎಲ್ಲ ಲೋಹಕ್ಕೂ ಒಂದೇ ಪಿಎಚ್ ಒಗ್ಗುವುದಿಲ್ಲ. ಕ್ರೋಮಿಯಂ-3ಕ್ಕೆ ಸುಮಾರು 8 ಸಾಕು, ಸತುವಿಗೆ 9ರ ಮೇಲೆ, ನಿಕ್ಕಲ್‌ಗೆ 10ರ ಸುಮಾರು ಬೇಕು. ನಿಕ್ಕಲ್ ತೆಗೆಯಲೆಂದು ಪಿಎಚ್ ಏರಿಸುತ್ತ ಹೋದರೆ, ಆಗಲೇ ಬೇರ್ಪಟ್ಟಿದ್ದ ಕ್ರೋಮಿಯಂ ಮತ್ತು ಸತು ಪುನಃ ಕರಗತೊಡಗುತ್ತವೆ.

ಇನ್ನೂ ದೊಡ್ಡ ತೊಡಕು ಕ್ರೋಮಿಯಂನ ಇನ್ನೊಂದು ರೂಪವಾದ ಕ್ರೋಮಿಯಂ-6ರದ್ದು. ಕ್ಯಾನ್ಸರ್‌ಕಾರಕವಾದ ಈ ರೂಪ ಸುಣ್ಣಕ್ಕೆ ಜಗ್ಗುವುದೇ ಇಲ್ಲ. ಮೊದಲು ಆಮ್ಲ ಹಾಕಿ ಪಿಎಚ್ಚನ್ನು 2–3ಕ್ಕೆ ಇಳಿಸಬೇಕು, ಸೋಡಿಯಂ ಮೆಟಾಬೈಸಲ್ಫೈಟ್ ಬೆರೆಸಬೇಕು. ಹಳದಿ ನೀರು ಹಸಿರಿಗೆ ತಿರುಗಿ ಕ್ರೋಮಿಯಂ-3 ಆದ ಮೇಲಷ್ಟೇ ಸುಣ್ಣದ ಸರದಿ. ಈ ಹಂತ ತಪ್ಪಿಸಿದರೆ, ಬೇರೆ ಲೋಹಗಳು ಕೆಳಗಿಳಿದು ಮೇಲಿನ ನೀರು ತಿಳಿಯಾಗಿ ಕಂಡರೂ ಅತಿ ಅಪಾಯದ್ದು ಅದರಲ್ಲೇ ಉಳಿದಿರುತ್ತದೆ. ಸಯನೈಡ್ ಬಳಸಿದ ತೊಟ್ಟಿಯ ನೀರನ್ನಂತೂ ಈ ಆಮ್ಲದ ಹಂತಕ್ಕೆ ಬಿಡಲೇಕೂಡದು. ಹೈಡ್ರೋಜನ್ ಸಯನೈಡ್ ಅನಿಲ ಎದ್ದು ಅಲ್ಲಿ ಕೆಲಸ ಮಾಡುವವರ ಜೀವ ತೆಗೆಯಬಲ್ಲದು. ಸಯನೈಡನ್ನು ಪ್ರತ್ಯೇಕವಾಗಿ, ಕ್ಷಾರದಲ್ಲೇ ಒಡೆಯಬೇಕು.

ತಪ್ಪು ಕಲ್ಪನೆ: ಭಾರಲೋಹ ಎಂದಮೇಲೆ ಮುಳುಗಲೇಬೇಕು.

ಸತ್ಯ: ಹೈಡ್ರಾಕ್ಸೈಡ್ ಚೂರುಗಳ ಒಡಲಲ್ಲಿ ಬಹುಪಾಲು ನೀರೇ. ಹಾಗಾಗಿ ಅವು ತಳಕ್ಕಿಳಿಯಲು ಸತಾಯಿಸುತ್ತವೆ. ಮುಳುಗಿಸುವ ಬದಲು ಅವನ್ನು ತೇಲಿಸಿಯೂ ತೆಗೆಯಬಹುದು. ಒತ್ತಡದಲ್ಲಿ ಗಾಳಿ ಕರಗಿಸಿದ ನೀರನ್ನು ತೊಟ್ಟಿಗೆ ಬಿಟ್ಟರೆ, ಸೋಡಾ ಬಾಟಲಿಯ ಮುಚ್ಚಳ ತೆರೆದಾಗಿನಂತೆ ಗುಳ್ಳೆಗಳು ಏಳುತ್ತವೆ. ಹೆಚ್ಚಿನವು 100 ಮೈಕ್ರಾನ್‌ಗಿಂತ ಸಣ್ಣವು. ಅವು ಚೂರುಗಳಿಗೆ ಅಂಟಿ ಮೇಲಕ್ಕೆ ಹೊತ್ತು ತರುತ್ತವೆ, ಕೆನೆಗಟ್ಟಿದ್ದನ್ನು ಬಳಿದು ತೆಗೆಯಬಹುದು. ಆದರೆ ಕರಗಿದ ಲೋಹ ಬರಿಯ ಗುಳ್ಳೆಗೆ ಅಂಟುವುದಿಲ್ಲ. ಮೊದಲು ಪ್ರಕ್ಷೇಪನ ಆಗಬೇಕು, ಇಲ್ಲವೇ ಲೋಹದ ಅಯಾನನ್ನು ಹಿಡಿಯುವ ಸಾಬೂನಿನಂಥ ರಾಸಾಯನಿಕ ಬೇಕು. ಈ ಎರಡನೆಯ ವಿಧಾನವನ್ನು ಫೆಲಿಕ್ಸ್ ಸೆಬ್ಬಾ 1959ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದರು.

ತಪ್ಪು ಕಲ್ಪನೆ: ಶುದ್ಧೀಕರಿಸಿದ ಮೇಲೆ ಲೋಹ ನಾಶವಾಯಿತು.

ಸತ್ಯ: ಲೋಹ ಮೂಲಧಾತು. ಯಾವ ರಾಸಾಯನಿಕವೂ ಅದನ್ನು ಇಲ್ಲವಾಗಿಸದು. ನೀರಿನಲ್ಲಿದ್ದದ್ದು ಕೆಸರಿಗೆ ಬಂದಿರುತ್ತದೆ, ಅಷ್ಟೆ. ಕಾನೂನಿನ ಪ್ರಕಾರ ಆ ಕೆಸರು ಅಪಾಯಕಾರಿ ತ್ಯಾಜ್ಯ. ದಾಬಸ್‌ಪೇಟೆಯಲ್ಲಿರುವಂಥ ಸುರಕ್ಷಿತ ವಿಲೇವಾರಿ ತಾಣಕ್ಕೇ ಹೋಗಬೇಕು. ರಾತ್ರೋರಾತ್ರಿ ರಾಜಕಾಲುವೆಗೆ ಸುರಿದರೆ, ಆಮ್ಲೀಯ ನೀರು ತಾಗಿದಾಗ ಲೋಹ ಮತ್ತೆ ಕರಗಿ ಹೊರಡುತ್ತದೆ. ಅಷ್ಟು ದುಡ್ಡು, ದುಡಿಮೆ ಎಲ್ಲ ನೀರುಪಾಲು.

ತಪ್ಪು ಕಲ್ಪನೆ: ಲೋಹ ಸೇರಿದ ಕೊಳವೆಬಾವಿಯ ನೀರನ್ನು ಕುದಿಸಿ ಕುಡಿದರೆ ಸಾಕು.

ಸತ್ಯ: ಕುದಿಸಿದಾಗ ನೀರು ಆವಿಯಾಗುತ್ತದೆ, ಲೋಹ ಪಾತ್ರೆಯಲ್ಲೇ ಉಳಿದು ಸಾಂದ್ರವಾಗುತ್ತದೆ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂಗೆ ಭಾರತೀಯ ಮಾನಕ ಇಟ್ಟ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಇದು ಕಣ್ಣಿಗೂ ನಾಲಿಗೆಗೂ ಸಿಗದ ಪ್ರಮಾಣ. ಕರಗಿದ್ದೆಲ್ಲವನ್ನೂ ಒಟ್ಟಾಗಿ ಅಂದಾಜಿಸುವ ಟಿಡಿಎಸ್ ಮೀಟರೂ ಇದನ್ನು ಬೇರೆ ಮಾಡಿ ತೋರಿಸದು. ಕೈಗಾರಿಕಾ ಪ್ರದೇಶದ ಸಮೀಪದ ಕೊಳವೆಬಾವಿಯ ನೀರನ್ನು ಪ್ರಯೋಗಾಲಯಕ್ಕೆ ಕೊಡುವಾಗ, ಭಾರಲೋಹದ ಪರೀಕ್ಷೆ ಮಾಡಿಕೊಡಿ ಎಂದು ಹೆಸರು ಹಿಡಿದೇ ಕೇಳಬೇಕು.