ಕಿವಿಗೆ ಕಟ್ಟಿದ ಬೆಲೆ

ಕಾವ್ಯಾರಂಭದಲ್ಲಿ ಪೂರ್ವಕವಿಗಳನ್ನು ಸ್ಮರಿಸುವುದು ನಮ್ಮ ಪ್ರಾಚೀನ ಕವಿಗಳ ವಾಡಿಕೆ. ಹಿರಿಯರ ಹೆಸರೆತ್ತಿದರೆ ಕೇಳುವವರ ಮನಸ್ಸು ಹದವಾಗುತ್ತದೆ. ಮುಂದೆ ಹೇಳಬೇಕಾದ ಮಾತಿಗೆ ನೆಲೆ ದೊರೆಯುತ್ತದೆ. ಬಾನುಲಿಯ ಜಾಹೀರಾತು ಹುಟ್ಟಿದ್ದೂ ಇಂಥದೊಂದು ಸ್ತುತಿಯಿಂದಲೇ ಎಂದರೆ ವಾಚಕರಿಗೆ ಸೋಜಿಗವೆನಿಸಬಹುದು. 1922ರ ಆಗಸ್ಟ್ 28ರಂದು ನ್ಯೂಯಾರ್ಕಿನ ಡಬ್ಲ್ಯು.ಇ.ಎ.ಎಫ್. ನಿಲಯದಿಂದ ಒಂದು ಭಾಷಣ ಪ್ರಸಾರವಾಯಿತು. ಅಮೆರಿಕದ ಹಿರಿಯ ಕಾದಂಬರಿಕಾರ ನಥಾನಿಯೆಲ್ ಹಾಥಾರ್ನ್ ಗತಿಸಿ 58 ವರ್ಷಗಳಾದುವೆಂಬ ಸ್ಮರಣೆಯೇ ಅದರ ಪೀಠಿಕೆ. ಸಾಹಿತ್ಯೋಪನ್ಯಾಸವೆಂದು ಕಿವಿಗೊಟ್ಟವರಿಗೆ ಬೇಗನೆ ಮರ್ಮ ತಿಳಿದಿರಬೇಕು. ಜ್ಯಾಕ್ಸನ್ ಹೈಟ್ಸ್ ಬಡಾವಣೆಯಲ್ಲಿ ಆ ಮಹನೀಯನ ಹೆಸರಿಟ್ಟ ವಸತಿಗೃಹಗಳು ಸಿದ್ಧವಾಗಿದ್ದವು. ಅವನ್ನು ಕಟ್ಟಿಸಿದ ಕ್ವೀನ್ಸ್‌ಬರೋ ಕಾರ್ಪೊರೇಷನ್ ಎಂಬ ಸಂಸ್ಥೆಯೇ ಪ್ರಸಾರದ ವೇಳೆಗೆ ಹಣ ತೆತ್ತಿತ್ತು. ಬಾನುಲಿಯ ಮೊದಲ ಜಾಹೀರಾತೆಂದು ಸಾಮಾನ್ಯವಾಗಿ ಹೆಸರಿಸುವುದು ಇದನ್ನೇ.

ಅದೇ ವರ್ಷದ ಆರಂಭದಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷನಾದ ಹರ್ಬರ್ಟ್ ಹೂವರ್, ಇಷ್ಟು ದೊಡ್ಡ ಸೇವಾಸಾಧನವು ಜಾಹೀರಾತಿನ ಗದ್ದಲದಲ್ಲಿ ಮುಳುಗಿಹೋಗಬಾರದೆಂದು ಎಚ್ಚರಿಸಿದ್ದ. ಎಚ್ಚರಿಕೆ ಗಾಳಿಯಲ್ಲಿ ಹೋಯಿತು. ಕ್ರಮೇಣ ಗಾಳಿಯೇ ಮಾರಾಟದ ಸರಕಾಯಿತು.

ಸರಕು ಎಂದಮೇಲೆ ಅದಕ್ಕೊಂದು ಪೇಟೆ ಬೇಕು. ಪೇಟೆಯ ಧಾರಣೆ ತಿಳಿಸಲು ಪತ್ರಿಕೆ ಬೇಕು. 1931ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನಿಂದ ‘ಬ್ರಾಡ್‌ಕಾಸ್ಟಿಂಗ್’ ಹೊರಟಿತು. 1946ರಲ್ಲಿ ‘ಸ್ಪಾನ್ಸರ್’ ಹೊರಟಿತು. ಎರಡನೆಯದರ ಹೆಸರೇ ಹೇಳುವಂತೆ ಅದರ ಓದುಗ ಬಾನುಲಿಯ ಶ್ರೋತೃವಲ್ಲ, ಹಣ ಕೊಡುವ ವರ್ತಕ. ಯಾವ ನಿಲಯದ ಶಕ್ತಿ ಎಷ್ಟು, ಅದರ ದನಿ ಎಲ್ಲಿಯವರೆಗೆ ಮುಟ್ಟುತ್ತದೆ, ಯಾವ ಸಾಬೂನಿನವರು ಯಾವ ಕಾರ್ಯಕ್ರಮವನ್ನು ಕೊಂಡರು—ಇವೇ ಇಂಥ ಪತ್ರಿಕೆಗಳ ಸಮಾಚಾರ.

ಭಾಷೆಯನ್ನು ಪಾಠ ಹೇಳುವವನಾದ್ದರಿಂದ ನನ್ನ ಗಮನ ಹೋಗುವುದು ಇಲ್ಲಿಯ ವ್ಯಾಕರಣದ ಕಡೆಗೆ. ಬಾನುಲಿಯ ಜಾಹೀರಾತಿನಲ್ಲಿ ಕೇಳುಗನು ಮಧ್ಯಮ ಪುರುಷ: ‘ನೀವು ಬನ್ನಿ, ನೀವು ಕೊಳ್ಳಿ.’ ಇಷ್ಟು ಆದರದಿಂದ ನೆಂಟರೂ ಕರೆಯಲಾರರು! ಅದೇ ಕೇಳುಗನು ಉದ್ಯಮದ ಪತ್ರಿಕೆಯಲ್ಲಿ ಪ್ರಥಮ ಪುರುಷನಾಗುತ್ತಾನೆ: ‘ಅವರು ಇಷ್ಟು ಮಂದಿ, ಅವರ ಕೈಯಲ್ಲಿ ಇಷ್ಟು ಹಣವಿದೆ.’ ಎದುರಿಗೆ ‘ನೀವು’, ಮರೆಯಲ್ಲಿ ‘ಅವರು’. ಈ ಎರಡು ಸರ್ವನಾಮಗಳ ನಡುವಣ ಅಂತರದಲ್ಲೇ ಈ ವ್ಯಾಪಾರವೆಲ್ಲ ನಡೆಯುತ್ತದೆ.

ಆದರೆ ‘ಅವರು’ ಎನಿಸಿಕೊಳ್ಳುವ ಭಾಗ್ಯವೂ ಎಲ್ಲರಿಗೆ ಇರಲಿಲ್ಲ. 1930ರಲ್ಲಿ ಆರ್ಚಿಬಾಲ್ಡ್ ಕ್ರಾಸ್ಲಿ ಶ್ರೋತೃಗಳ ಎಣಿಕೆಯನ್ನು ಆರಂಭಿಸಿದ್ದು ದೂರವಾಣಿಯ ಮೂಲಕ: ನಿನ್ನೆ ಏನು ಕೇಳಿದಿರಿ ಎಂದು ಮನೆಮನೆಗೆ ಕರೆಮಾಡಿ ವಿಚಾರಿಸುವ ಪದ್ಧತಿ. ದೂರವಾಣಿ ಇಲ್ಲದ ಬಡವನ ಮನೆಯಲ್ಲಿ ಬಾನುಲಿ ಹಗಲಿರುಳು ಹಾಡಿದರೂ ಲೆಕ್ಕದಲ್ಲಿ ಅಲ್ಲಿ ನಿಶ್ಶಬ್ದ. ಲೆಕ್ಕಕ್ಕೆ ಬಾರದವನಿಗೆ ಬೆಲೆಯಿಲ್ಲ. ಬೆಲೆಯಿಲ್ಲದವನಿಗಾಗಿ ಕಾರ್ಯಕ್ರಮವೂ ಇಲ್ಲ.

ಇದಕ್ಕೊಂದು ತಿರುವು ಬಂದದ್ದು ದಕ್ಷಿಣದ ಮೆಂಫಿಸ್ ನಗರದಲ್ಲಿ. ಅಲ್ಲಿಯ ನಿವಾಸಿಗಳಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು ಮಂದಿ ಕಪ್ಪು ಜನ. ಬಿಳಿಯರ ಒಡೆತನದ ಡಬ್ಲ್ಯು.ಡಿ.ಐ.ಎ. ನಿಲಯ 1947ರಲ್ಲಿ ಆರಂಭವಾಗಿ, ನಷ್ಟದಲ್ಲಿ ನರಳುತ್ತಿತ್ತು. 1948ರಲ್ಲಿ ಅದರ ಒಡೆಯರು ನ್ಯಾಟ್ ಡಿ. ವಿಲಿಯಮ್ಸ್ ಎಂಬ ಕಪ್ಪು ಜನರ ಪ್ರೌಢಶಾಲೆಯ ಉಪಾಧ್ಯಾಯನನ್ನು ಧ್ವನಿಗ್ರಾಹಕದ ಮುಂದೆ ಕೂರಿಸಿದರು. ಶಾಲೆ ಬಿಟ್ಟಮೇಲೆ ಆತ ತನ್ನ ಜನಕ್ಕೆ ತನ್ನ ಜನದ ಮಾತಿನಲ್ಲಿ ಹಾಡು, ಹಾಸ್ಯ ಬಡಿಸತೊಡಗಿದ. ಕೆಲಕಾಲದಲ್ಲೇ ನಿಲಯದ ಕಾರ್ಯಕ್ರಮವೆಲ್ಲ ಕಪ್ಪು ಜನರಿಗಾಗಿಯೇ ನಡೆಯಿತು. 1954ರಲ್ಲಿ ಅದರ ಶಕ್ತಿ 50,000 ವಾಟ್‌ಗೆ ಏರಿತು.

ಈ ನಡುವೆ, 1949ರ ಅಕ್ಟೋಬರಿನಲ್ಲಿ, ‘ಸ್ಪಾನ್ಸರ್’ ಪತ್ರಿಕೆ ಒಂದು ಲೇಖನವನ್ನು ಅಚ್ಚುಮಾಡಿತು. ಅದರ ಶಿರೋನಾಮೆಯ ಅರ್ಥ ‘ಮರೆತುಹೋದ ಒಂದೂವರೆ ಕೋಟಿ’. ದೇಶದ ಕಪ್ಪು ಜನರ ಕೈಯಲ್ಲೂ ಹಣವಿದೆ, ಅವರಿಗೂ ಕಿವಿಗಳಿವೆ, ದೊಡ್ಡ ವರ್ತಕರು ಅವರನ್ನು ಕಡೆಗಣಿಸಿದ್ದಾರೆ ಎಂಬುದು ಅದರ ವಾದ. ಇದನ್ನು ಹೇಳಿಸಿದ್ದು ಕರುಣೆಯಲ್ಲ, ಲಾಭದ ಲೆಕ್ಕಾಚಾರ. ಕಪ್ಪು ಜನರ ಮತದಾನದ ಹಕ್ಕಿಗೆ ರಕ್ಷಣೆ ಕೊಡುವ ಕಾನೂನು ಬಂದದ್ದು 1965ರಲ್ಲಿ. ಎಂದರೆ, ಗಣರಾಜ್ಯವು ಅವರನ್ನು ಪೂರ್ಣ ಪ್ರಜೆಗಳೆಂದು ಕಾಣುವುದಕ್ಕೆ 16 ವರ್ಷ ಮೊದಲೇ ಪೇಟೆಯು ಅವರನ್ನು ಗಿರಾಕಿಗಳೆಂದು ಗುರುತಿಸಿತ್ತು.

ಇದನ್ನು ಗೌರವವೆನ್ನೋಣವೆ, ಅವಮಾನವೆನ್ನೋಣವೆ? ಎರಡನ್ನೂ ಅನ್ನಬೇಕೆಂದು ನನಗೆ ತೋರುತ್ತದೆ. ಮನುಷ್ಯನ ಕಿವಿಗೆ ಬೆಲೆ ಕಟ್ಟುವುದು ಹೀನವಾದ ಕೆಲಸ. ಆದರೆ ಬೆಲೆಯನ್ನೇ ಕಟ್ಟದೆ ಅವನ ಮನೆಯನ್ನು ಮೌನವೆಂದು ಬರೆದಿಡುವುದು ಇನ್ನೂ ಹೀನ. ವರ್ತಕನು ತೆರೆದ ಬಾಗಿಲಿನಿಂದ ಒಬ್ಬ ಉಪಾಧ್ಯಾಯನ ದನಿ ಒಳಗೆ ಬಂದಿತು. ಆ ದನಿ ಗಿರಾಕಿಗಳನ್ನು ಕರೆದುದಲ್ಲದೆ ಒಂದು ಜನಾಂಗಕ್ಕೆ ತನ್ನ ಮಾತನ್ನು ತಾನೇ ಕೇಳುವ ಅವಕಾಶವನ್ನೂ ಕೊಟ್ಟಿತು.

ನಮ್ಮ ಆಕಾಶವಾಣಿ ವಿವಿಧ ಭಾರತಿಯಲ್ಲಿ ಜಾಹೀರಾತಿಗೆ ಎಡೆಗೊಟ್ಟದ್ದು 1967ರಲ್ಲಿ. ದೇಶದ ಮೊದಲ ಖಾಸಗಿ ಎಫ್.ಎಂ. ನಿಲಯ ಬೆಂಗಳೂರಿನಲ್ಲಿ ದನಿಯೆತ್ತಿದ್ದು 2001ರಲ್ಲಿ. ಅಂದಿನಿಂದ ಕನ್ನಡದ ಕಿವಿಯೂ ಈ ಪೇಟೆಯ ತಕ್ಕಡಿಯಲ್ಲಿದೆ. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟೆ: ಬಾನುಲಿ ನಿಮ್ಮನ್ನು ‘ನೀವು’ ಎಂದು ಕರೆದಾಗ ಸಂತೋಷದಿಂದಲೇ ಕೇಳಿ, ಆದರೆ ಬೇರೊಂದು ಕಾಗದದಲ್ಲಿ ನಿಮ್ಮನ್ನು ‘ಅವರು’ ಎಂದು ಹೇಗೆ ಬರೆದಿದ್ದಾರೆ, ಆ ಎಣಿಕೆಯಿಂದ ಯಾರನ್ನು ಬಿಟ್ಟಿದ್ದಾರೆ ಎಂಬುದನ್ನೂ ವಿಚಾರಿಸಿರಿ.